ಹಗಲು ಹೇಳಿದ ಕಥೆ

ಜಯಕುಮಾರ್ ಅಟ್ಟದ ಮೇಲಿಂದ ಬಿತ್ತನೆಯ ಕಡ್ಲೆಕಾಯಿ ಚೀಲಗಳನ್ನು ಇಳಿಸಿದ ದಿನವೇ ಅವನ ಹೆಂಡತಿ ಹರ್ಷಿತಾ ಶಾಲೆಯಿಂದ ಒಂದು ಕನ್ನಡ ಪುಸ್ತಕ ಹಿಡಿದುಕೊಂಡು ಬಂದಳು. ಆರು ಚೀಲ ಕಾಯಿ, ಒಂದು ಪುಸ್ತಕ. ಮುಂದಿನ ಐದು ವಾರ ಆ ಮನೆಯಲ್ಲಿ ನಡೆದ ಜಗಳಗಳಿಗೆಲ್ಲ ಇವೆರಡೇ ಕಾರಣ.

ಹರ್ಷಿತಾ ಓದಿದ್ದು ಬಿ.ಎಸ್ಸಿ. ಮಧುಗಿರಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಎರಡು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದಳು. ಐ.ಡಿ.ಹಳ್ಳಿಯಿಂದ ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಬಸ್ಸು ಹತ್ತಿದರೆ ಸಂಜೆ ಐದೂವರೆಗೆ ಮನೆ. ಈ ಜೂನಿನಲ್ಲಿ ಶಾಲೆಯ ಕನ್ನಡ ಮೇಷ್ಟ್ರು ಕೆಲಸ ಬಿಟ್ಟರು. ಹೆಡ್‌ಮಾಸ್ಟರ್ ಚನ್ನಮಲ್ಲಯ್ಯ ಅವಳನ್ನು ಕರೆಸಿ, ಎಂಟನೇ ತರಗತಿಯ ಕನ್ನಡವನ್ನೂ ನೀವೇ ತೆಗೆದುಕೊಳ್ಳಿ ಎಂದರು.

“ಸಾರ್, ನಾನು ಕನ್ನಡ ಓದಿ ಏಳು ವರ್ಷ ಆಯ್ತು.”

“ವಿಜ್ಞಾನ, ಕನ್ನಡ ಎರಡೂ ತಗೊಳ್ಳೋರು ಒಬ್ಬರು ಸಿಕ್ಕಿದ್ದಾರೆ ಮೇಡಂ, ಕೊರಟಗೆರೆಯೋರು. ನಾನಿನ್ನೂ ಅವರಿಗೆ ಏನೂ ಹೇಳಿಲ್ಲ. ಜುಲೈ ಎರಡನೇ ಗುರುವಾರ ಬಂದು ನಿಮ್ಮ ಕ್ಲಾಸಲ್ಲಿ ಕೂತ್ಕೋತೀನಿ. ಸಣ್ಣಕಥೆ ತಗೊಳ್ಳಿ. ಕಥೆಯ ಅಂಗಗಳು ಯಾವುವು ಅನ್ನೋದು ಮಕ್ಕಳಿಗೆ ಬರಬೇಕು. ಆಮೇಲೆ ನೋಡೋಣ.”

ಅವಳ ಕೆಲಸ ಉಳಿಯುವುದೂ ಹೋಗುವುದೂ ನಲವತ್ತು ನಿಮಿಷದ ಒಂದು ಪೀರಿಯಡ್ಡಿಗೆ ಬಂದು ನಿಂತಿತು.

ರಾತ್ರಿ ಊಟಕ್ಕೆ ಕೂತಾಗ ಅವಳು ಇದನ್ನು ಹೇಳಿದಳು.

“ಹೋದ್ರೆ ಹೋಗ್ಲಿ ಬುಡಮ್ಮ,” ಅತ್ತೆ ಗಂಗಲಕ್ಷ್ಮಮ್ಮ ಮುದ್ದೆ ಕಟ್ಟುತ್ತಾ ಹೇಳಿದರು. “ಬಿತ್ನೆ ಬಂತು. ಆರು ಚೀಲ ಕಾಯಿ ಬಿಡಿಸ್ಬೇಕು. ನನ್ನೊಬ್ಬಳ ಹೆಬ್ಬೆಟ್ಟು ಎಷ್ಟು ಅಂತ ಬಿಡಿಸ್ತದೆ?”

“ಮಿಷನ್‌ಗೆ ಹಾಕ್ಸಿದ್ರೆ ಒಂದು ಗಂಟೆ ಕೆಲಸ ಅತ್ತೆ.”

“ಮಿಷನ್‌ಗೆ ಹಾಕಿದ್ರೆ ಬೀಜದ ಮೇಲಿನ ಕೆಂಪು ಸಿಪ್ಪೆ ಕಿತ್ತೋಯ್ತದೆ. ಸಿಪ್ಪೆ ಹೋದ ಬೀಜ ಮೊಳೀತದೇನೆ? ಸೈನ್ಸ್ ಓದ್ದೋಳು ನೀನೇ ಹೇಳು.”

ಅದು ನಿಜವಾಗಿತ್ತು. ಹರ್ಷಿತಾ ಸಾರಿನ ಪಾತ್ರೆಗೆ ಕೈ ಹಾಕಿದಳು. ಮಾವ ದೊಡ್ಡರಂಗಪ್ಪ ಅಷ್ಟಕ್ಕೆ ಬಿಡಲಿಲ್ಲ.

“ಹೋದ್ ವರ್ಷ ಬಿತ್ನೆ ದಿನ ಸ್ಕೂಲು ಅಂತ ಹೊಂಟೋದ್ರು. ಸಾಲಿಗೆ ಬೀಜ ಹಾಕೋಕೆ ಒಂದು ಹೆಣ್ಣಾಳು ಸಿಗ್ದೆ ನಾನು ಊರೆಲ್ಲಾ ತಿರುಗ್ದೆ. ಈ ಸತಿ ಹದ ಆದ ದಿನ ಮನೇಲಿರ್ಬೇಕು ಅಂತ ಹೇಳ್ಲಾ ಜಯಾ.”

ಹರ್ಷಿತಾ ಅವರ ತಟ್ಟೆಗೇ ಸಾರು ಬಿಡುತ್ತಿದ್ದಳು. “ಮಳೆ ಯಾವತ್ತು ಬರುತ್ತೆ ಅಂತ ನಾನು ಈಗಲೇ ಹೆಂಗೆ ರಜ ಬರ್ಕೊಡ್ಲಿ ಮಾವ?”

“ಎದುರು ಮಾತು ಬೇರೆ,” ಎಂದರು ಮಾವ, ಹುರುಳಿಕಾಳನ್ನು ನೋಡುತ್ತಾ. ಅವತ್ತಿನಿಂದ ಅವರು ಸೊಸೆಯೊಡನೆ ನೇರ ಮಾತು ಬಿಟ್ಟರು. ಹೇಳಬೇಕಾದ್ದನ್ನು ಕಂಬಕ್ಕೋ ಕರುವಿಗೋ ಹೇಳುವರು. “ಸ್ಕೂಲಿಗೆ ಹೋಗೋರು ನೀರು ಕಾಯಿಸವ್ರೇನೋ ಕೇಳ್ಲಾ,” ಎಂದು ಕರುವಿನ ಕಿವಿ ಹಿಡಿದು ಕೇಳುವರು. ಹರ್ಷಿತಾ ಕರುವಿಗೇ ಉತ್ತರ ಕೊಡುವಳು. “ಕಾಯಿಸಿದ್ದೀನಿ ಅಂತ ಹೇಳು.”

ಕೊನೆಗೆ ಗಂಗಲಕ್ಷ್ಮಮ್ಮ ಒಂದು ಒಪ್ಪಂದ ಮಾಡಿದರು. ಸೊಸೆ ಬಸ್ಸಿಗೆ ಮುಂಚೆ ಒಂದು ಮೊರ, ದೀಪ ಹಚ್ಚಿದ ಮೇಲೆ ಎರಡು ಮೊರ ಕಾಯಿ ಬಿಡಿಸಬೇಕು. ಅಷ್ಟು ಮಾಡಿದರೆ ಶಾಲೆಯ ಸುದ್ದಿಗೆ ಅವರು ಬರುವುದಿಲ್ಲ.

ಮೊದಲ ಸಂಜೆ ಹರ್ಷಿತಾ ಮೊರದ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಕೂತಳು. ಕಥಾವಸ್ತು, ಪಾತ್ರ, ದೇಶಕಾಲ, ನಿರೂಪಕ, ಸಂಘರ್ಷ, ಪರಾಕಾಷ್ಠೆ, ಮುಕ್ತಾಯ. ಕಾಲೇಜಿನಲ್ಲಿ ಕಪ್ಪೆಯ ಒಳಭಾಗಗಳ ಹೆಸರು ಬಾಯಿಪಾಠ ಮಾಡಿದ ಹಾಗೆಯೇ ಇವನ್ನೂ ಮಾಡಿದಳು. ಓದುತ್ತಾ ಓದುತ್ತಾ ಕೈಯಲ್ಲಿದ್ದ ಒಂದು ಬೀಜ ಬಾಯಿಗೆ ಹೋಗುವುದರಲ್ಲಿತ್ತು. ಅತ್ತೆ ಅವಳ ಮಣಿಕಟ್ಟಿಗೆ ಒಂದು ಏಟು ಕೊಟ್ಟರು.

“ಬಿತ್ನೆ ಬೀಜ ಬಾಯಿಗೆ ಹಾಕ್ಬಾರ್ದು.”

“ಒಂದೇ ಒಂದು ಅತ್ತೆ.”

“ಒಂದು ಅಂದ್ರೆ ಒಂದು ಗಿಡ ಕಣಮ್ಮ.”

ಜಯಕುಮಾರ್ ನಕ್ಕ. ಅವನು ಚಿಕ್ಕ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಹಗಲೆಲ್ಲ ಪಾವಗಡ, ಶಿರಾ, ಹಿಂದೂಪುರದ ರಸ್ತೆಗಳ ಮೇಲಿದ್ದು ಸಂಜೆ ಬಂದು ಇವರ ಜೊತೆ ಕಾಯಿಗೆ ಕೂರುವನು. “ಅಮ್ಮ, ಕಥೆ ಶುರು ಮಾಡು. ಹೆಬ್ಬೆಟ್ಟು ಉರಿಯೋದು ಗೊತ್ತಾಗ್ಬಾರ್ದು.”

ಬೀಜ ಬಿಡಿಸುವ ದಿನಗಳಲ್ಲಿ ಗಂಗಲಕ್ಷ್ಮಮ್ಮ ವರ್ಷಕ್ಕೊಂದು ಕಥೆ ಹೇಳುತ್ತಿದ್ದರು. ದಿನಕ್ಕೆ ಒಂದಿಷ್ಟು. ಅವತ್ತಿನ ಮೊರ ಖಾಲಿಯಾಯಿತೆಂದರೆ ಕಥೆಯೂ ಅಲ್ಲಿಗೆ ನಿಂತಿತು. ಕೇಳುವವರಲ್ಲಿ ಒಬ್ಬರು ಮಾತುಮಾತಿಗೆ ಹೂಂ ಎನ್ನಬೇಕು. ಮೂವತ್ತೈದು ವರ್ಷ ಆ ಕೆಲಸ ದೊಡ್ಡರಂಗಪ್ಪನವರದಾಗಿತ್ತು. ಈ ವರ್ಷ ಅವರು ಸಿಟ್ಟಿನಿಂದ ಹೊರಗೆ ಜಗಲಿಯ ಮೇಲೆ ಕೂತಿದ್ದರು. ಹಾಗಾಗಿ ಹೂಂ ಎನ್ನುವುದು ಮಗನ ಪಾಲಿಗೆ ಬಂತು.

“ಒಬ್ಳು ಹೆಂಗ್ಸು,” ಗಂಗಲಕ್ಷ್ಮಮ್ಮ ಶುರು ಮಾಡಿದರು. “ಏಳು ಗುಡ್ಡದಾಚೆ ಮದುವೆ ಮಾಡ್ಕೊಟ್ಟಿದ್ರು.”

“ಹೂಂ.”

“ಹನ್ನೆರಡು ವರ್ಷ ಆದ್ರೂ ತೌರಿನ ಮಕ ನೋಡ್ಲಿಲ್ಲ. ತೌರಲ್ಲಿ ಬಿತ್ನೆಗೆ ಬೀಜ ಇಲ್ಲ ಅಂತ ಸುದ್ದಿ ಬಂತು. ಸೆರಗಲ್ಲಿ ಒಂದು ಸೇರು ಬೀಜ ಕಟ್ಕೊಂಡು ಹೊರಟ್ಲು.”

“ಹೂಂ.”

ಒಂದು ಸಲ ಜಯಕುಮಾರ್ ಫೋನ್ ನೋಡುತ್ತಾ ಹೂಂ ಮರೆತ. ಅವರು ಕಥೆ ನಿಲ್ಲಿಸಿ ಕಾಯಿ ಬಿಡಿಸುತ್ತಾ ಕೂತರು, ಅವನಿಗೆ ಎಚ್ಚರವಾಗುವ ತನಕ.

ಹರ್ಷಿತಾ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಒಂದು ಕೋಷ್ಟಕ ಮಾಡಿದಳು. ಪಾತ್ರ: ಹೆಂಗಸು. ದೇಶಕಾಲ: ಏಳು ಗುಡ್ಡ, ಹಳೆಯ ಕಾಲ. ಸಂಘರ್ಷ: ತೌರಿಗೆ ತಲುಪುವುದು. ಒಂದು ಸೇರು ಬೀಜ ಯಾವ ಕಾಲಮ್ಮಿಗೂ ಕೂರಲಿಲ್ಲ. ಕೊನೆಗೆ ‘ಇತರೆ’ ಎಂದು ಬರೆದು ಅದರ ಕೆಳಗೆ ಹಾಕಿದಳು.

ತರಗತಿಯಲ್ಲಿ ಮಾತ್ರ ಏನೂ ನಡೆಯಲಿಲ್ಲ. ಬೋರ್ಡಿನ ಮೇಲೆ ಏಳು ಪದ ಬರೆದು ಏಳು ವ್ಯಾಖ್ಯೆ ಬರೆಸಿದಳು. ಪರಾಕಾಷ್ಠೆ ಎಂದರೇನು ಎಂದು ಕೇಳಿದರೆ ನಲವತ್ತೆರಡು ಮಕ್ಕಳೂ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಿದರು. ಪಾಠದ ಕಥೆಯಲ್ಲಿ ಅದು ಎಲ್ಲಿದೆ ತೋರಿಸಿ ಎಂದರೆ ಎಲ್ಲರೂ ಪುಸ್ತಕದೊಳಗೆ ತಲೆ ಬಗ್ಗಿಸಿದರು. ತನಗೂ ಗೊತ್ತಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಅವಳು ಅತ್ತೆಯ ಹತ್ತಿರ ಹೋದಳು. “ಅತ್ತೆ, ಈಗ ಬಿಡುವಾಗಿದೀರಲ್ಲ. ಮುಂದಿನ ಕಥೆ ಸ್ವಲ್ಪ ಹೇಳಿ. ನಾನು ಬರ್ಕೋತೀನಿ.”

“ಹಗಲೊತ್ತು ಕಥೆ ಹೇಳ್ಬಾರ್ದು.”

“ಯಾಕೆ?”

“ದಾರಿ ಮೇಲಿರೋರು ದಾರಿ ತಪ್ತಾರೆ. ನನ್ ಮಗ ದಿನಾ ದಾರಿ ಮೇಲಿರ್ತಾನೆ. ನಾನು ಹೇಳಕ್ಕಿಲ್ಲ.”

ಬುಧವಾರ ಸಂಜೆ ಕಥೆಯ ಹೆಂಗಸು ಏಳು ಗುಡ್ಡ ದಾಟಿ ಒಂದು ಹುಣಸೆ ತೋಪಿಗೆ ಬಂದಳು. ಅಲ್ಲಿ ಏಳು ಮರ, ಏಳು ದಾರಿ. ಒಂದೊಂದು ಮರದ ಕೆಳಗೂ ಒಬ್ಬೊಬ್ಬ ಮುದುಕಿ. ಏಳೂ ಜನಕ್ಕೆ ಒಂದೇ ಮುಖ, ಒಂದೇ ಸೀರೆ. “ಬಾ ಮಗಳೇ, ನಾನೇ ನಿನ್ನವ್ವ, ನನ್ನಿಂದೆ ಬಾ” ಎಂದು ಏಳು ಜನವೂ ಕರೆದರು. ಅಷ್ಟು ಹೇಳುವುದಕ್ಕೂ ಮೊರ ಖಾಲಿಯಾಗುವುದಕ್ಕೂ ಸರಿಹೋಯಿತು. ಹರ್ಷಿತಾ ಅದಷ್ಟನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಅತ್ತೆಗೆ ಹೇಳಲಿಲ್ಲ.

ಮಾರನೇ ದಿನ ಮೂರನೇ ಪೀರಿಯಡ್ಡಿನಲ್ಲಿ, ಹನ್ನೊಂದು ಇಪ್ಪತ್ತಕ್ಕೆ, ಅವಳು ಅದನ್ನು ತರಗತಿಯಲ್ಲಿ ಹಾಕಿದಳು. ಅತ್ತೆಯ ಮಾತು ನೆನಪಿರಲಿಲ್ಲ ಎಂದಲ್ಲ. ಹೇಳಿದ್ದು ನಿನ್ನೆ ಸಂಜೆ, ಇವತ್ತು ಮಾತಾಡುತ್ತಿರುವುದು ಫೋನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಗಂಗಲಕ್ಷ್ಮಮ್ಮನ ದನಿ ಬಂದದ್ದೇ ಮಕ್ಕಳು ಒಬ್ಬೊಬ್ಬರಾಗಿ ತಲೆ ಎತ್ತಿದರು. ಏಳು ಮುದುಕಿಯರು ಕರೆಯುವ ಹೊತ್ತಿಗೆ ಪೆನ್ನು ಹಿಡಿದವರು ಒಬ್ಬರೂ ಇರಲಿಲ್ಲ.

“ಟೀಚರ್, ಆಮೇಲೆ?” ಎಂದಳು ಮೂರನೇ ಬೆಂಚಿನ ಸಾದಿಯಾ.

“ಆಮೇಲೆ ಏನು ಅಂತ ನೀವು ಯೋಚನೆ ಮಾಡ್ಕೊಂಡು ಬನ್ನಿ. ಇದಕ್ಕೇ ಪರಾಕಾಷ್ಠೆ ಅನ್ನೋದು.”

ಬೆಲ್ಲು ಹೊಡೆಯಿತು. ಅವಳಿಗೆ ಅವತ್ತು ಮೊದಲ ಬಾರಿಗೆ ಪಾಠ ಮಾಡಿದ ಹಾಗೆ ಅನ್ನಿಸಿತ್ತು.

ಸಾದಿಯಾ ಐ.ಡಿ.ಹಳ್ಳಿಯವಳೇ. ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟಿರುವ ಬಾಷಾ ಸಾಬರ ಮೊಮ್ಮಗಳು. ಸಂಜೆ ಟೀಚರ್ ಜೊತೆ ಒಂದೇ ಬಸ್ಸಿಳಿದು, ಅವಳಿಗಿಂತ ಮುಂದೆ ಓಡಿ, ಬಾಗಿಲಲ್ಲಿ ಕೂತಿದ್ದ ಗಂಗಲಕ್ಷ್ಮಮ್ಮನನ್ನು ಕೇಳಿಯೇಬಿಟ್ಟಳು.

“ಅಜ್ಜಿ, ಆಯಮ್ಮ ಯಾವ ದಾರಿ ಹಿಡಿದ್ಲು? ಟೀಚರ್ ಹೇಳ್ಲೇ ಇಲ್ಲ.”

“ಯಾವ ಆಯಮ್ಮ?”

“ಅದೇ, ಏಳು ಹುಣಸೆ ಮರ. ಕ್ಲಾಸಲ್ಲಿ ಫೋನಿಂದ ಕೇಳ್ಸಿದ್ರಲ್ಲ. ನಿಮ್ ದನೀನೇ ಇತ್ತು.”

ಗಂಗಲಕ್ಷ್ಮಮ್ಮ ಹುಡುಗಿಯನ್ನು ಕಳಿಸಿ ಎದ್ದು ನಿಂತರು. ಹರ್ಷಿತಾ ಚಪ್ಪಲಿ ಬಿಡುತ್ತಿದ್ದಳು.

“ಎಲ್ಲಿಗೆ ನಿಲ್ಸಿದೆ?”

“ಏಳು ದಾರಿ ಹತ್ರ ಅತ್ತೆ. ಅಲ್ಲೀಗಂಟ ತಾನೇ ನೀವು ಹೇಳಿದ್ದು.”

“ಹಗಲೊತ್ತು ಹೇಳಿದ್ದಲ್ದೆ ಅರ್ಧಕ್ಕೆ ಬೇರೆ ನಿಲ್ಸಿದೀಯ. ಜಯ ಮೂರು ಗಂಟೆಗೆಲ್ಲ ಬರ್ತೀನಿ ಅಂದಿದ್ದ. ಫೋನ್ ಮಾಡು.”

ಫೋನ್ ಸ್ವಿಚ್ ಆಫ್ ಆಗಿತ್ತು. ಹರ್ಷಿತಾ ಹತ್ತು ನಿಮಿಷಕ್ಕೊಮ್ಮೆ ಮಾಡಿದಳು. ಅವನು ಅವತ್ತು ಪಾವಗಡದಿಂದ ಪ್ಲಾಸ್ಟಿಕ್ ಪೈಪು ತುಂಬಿಕೊಂಡು ನಾಗಲಮಡಿಕೆ ಆಚೆ ಸೋಲಾರ್ ಪ್ಲಾಂಟಿಗೆ ಹೋಗಿದ್ದ. ಆ ದಾರಿ ಅವನಿಗೆ ಹೊಸದು. ಆರೂ ಇಪ್ಪತ್ತಕ್ಕೆ, ಪಾವಗಡದಲ್ಲಿ ಗಾಡಿಗೆ ಪೈಪು ತುಂಬಿಸಿದ್ದ ರಂಗೇಶನೇ ಫೋನ್ ಮಾಡಿದ.

“ಅಕ್ಕ, ಜಯಣ್ಣ ಮನೇಗ್ ಬಂದ್ನಾ? ಮಾಲು ಇನ್ನೂ ತಲುಪಿಲ್ಲ ಅಂತ ಪ್ಲಾಂಟಿನೋರು ಕೇಳ್ತಾವ್ರೆ.”

“ಅಲ್ಲಿಂದ ಎಷ್ಟೊತ್ತಿಗೆ ಹೊರಟ್ರು?”

“ಹನ್ನೊಂದೂವರೆಗೆ.”

ಹರ್ಷಿತಾ ಫೋನ್ ಇಳಿಸಿದಳು. ಹನ್ನೊಂದೂವರೆಗೆ ತರಗತಿಯಲ್ಲಿ ಆ ಹೆಂಗಸು ಏಳನೇ ಗುಡ್ಡ ಇಳಿಯುತ್ತಿದ್ದಳು. ಎರಡು ಸಂಗತಿ ಒಂದೇ ಹೊತ್ತಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಅವಳೇ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದಳು. ಈಗ ಅದನ್ನು ಬಾಯಿಬಿಟ್ಟು ಹೇಳಲು ಅವಳಿಂದ ಆಗಲಿಲ್ಲ.

“ಪೊಲೀಸ್ ಸ್ಟೇಷನ್‌ಗೆ ಹೇಳೋಣ್ವಾ?” ಎಂದಳು.

“ರಂಗೇಶ ಬೈಕಲ್ಲಿ ಹುಡುಕೋಕೆ ಹೋಗ್ಲಿ, ಅಂಗಂತ ಹೇಳು. ಆಮೇಲೆ ದೀಪ ಹಚ್ಚು. ಮೊರ ತಾ,” ಎಂದರು ಗಂಗಲಕ್ಷ್ಮಮ್ಮ.

ರಂಗೇಶ ಹೊರಟ. ಹರ್ಷಿತಾ ದೇವರ ಮುಂದೆ ದೀಪ ಹಚ್ಚಿದಾಗ ಗೋಡೆ ಗಡಿಯಾರದಲ್ಲಿ ಆರು ಐವತ್ತು. ಗಂಗಲಕ್ಷ್ಮಮ್ಮ ಮೊರದ ತುಂಬ ಕಾಯಿ ಸುರಿದುಕೊಂಡು ಬಾಗಿಲಿಗೆ ಎದುರಾಗಿ ಕೂತರು.

“ಏಳು ಮರ, ಏಳು ದಾರಿ. ಹೆಂಗ್ಸು ನಡುವೆ ನಿಂತವಳೆ.”

ಹೂಂ ಎನ್ನಲು ಹರ್ಷಿತಾ ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಅತ್ತೆ ಕಾದರು. ಕಾಯಿ ಒಡೆಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಅಷ್ಟರಲ್ಲಿ ಹೊರಗಿನ ಜಗಲಿಯಿಂದ ಕೇಳಿಸಿತು.

“ಹೂಂ.”

ದೊಡ್ಡರಂಗಪ್ಪ ಒಳಗೆ ಬಂದು ಕಂಬಕ್ಕೆ ಒರಗಿ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡರು. “ಹೇಳು,” ಎಂದರು ಹೆಂಡತಿಗೆ.

ಗಂಗಲಕ್ಷ್ಮಮ್ಮ ಅವಸರ ಮಾಡಲಿಲ್ಲ. ಮಗ ಎಲ್ಲಿದ್ದಾನೋ ಗೊತ್ತಿಲ್ಲದ ಆ ಹೊತ್ತಿನಲ್ಲಿ ಹುಣಸೆ ಮರದ ನೆರಳು ಹೇಗಿತ್ತು, ಉದುರಿದ ಎಲೆ ಕಾಲಿಗೆ ಹೇಗೆ ಅಂಟುತ್ತಿತ್ತು ಎಂದು ಹೇಳುತ್ತಾ ಹೋದರು. ಮೊದಲನೇ ಮುದುಕಿ ಕರೆದಳು. ಹೂಂ. ಎರಡನೆಯವಳು ಮಗಳ ಚಿಕ್ಕಂದಿನ ಹೆಸರು ಹಿಡಿದು ಕರೆದಳು. ಹೂಂ. ಮೂರನೆಯವಳು ಅತ್ತಳು. ಹರ್ಷಿತಾಳ ಕೈ ತಾನಾಗಿಯೇ ಕಾಯಿ ಬಿಡಿಸುತ್ತಿತ್ತು. ಯಾವಾಗಲೋ ಅವಳ ಹೂಂ ಕೂಡ ಮಾವನ ಹೂಂ ಜೊತೆ ಸೇರಿಕೊಂಡಿತು.

“ಹೆಂಗ್ಸು ಕೂತ್ಕೊಂಡ್ಲು. ಸೆರಗಿನ ಗಂಟು ಬಿಚ್ಚಿದ್ಲು,” ಎಂದರು ಅತ್ತೆ. “ಏಳು ಜನಕ್ಕೂ ಒಂದೊಂದು ಹಿಡಿ ಬೀಜ ಕೊಟ್ಲು. ‘ಅವ್ವಾ, ಹಸ್ದಿದೀಯ, ತಿನ್ನು’ ಅಂದ್ಲು. ಒಬ್ಳು ತಿಂದ್ಲು. ಇನ್ನೊಬ್ಳು ತಿಂದ್ಲು. ಆರು ಜನ ತಿಂದ್ರು.”

“ಹೂಂ.”

“ಏಳನೆಯೋಳು ತಿನ್ನಲಿಲ್ಲ. ಆ ಹಿಡಿ ಬೀಜಾನ ಸೆರಗಿಗೆ ಕಟ್ಕೊಂಡು, ‘ಹದ ಆರ್ತದೆ, ನಡೀ ಮಗಳೇ’ ಅಂದ್ಲು. ಹೆಂಗ್ಸು ಅವಳಿಂದೆ ಹೋದ್ಲು. ತೌರು ಸಿಕ್ತು.”

ಹರ್ಷಿತಾಳ ಕೈ ನಿಂತಿತು. ಬೀಜ ಕಥೆಯ ಎರಡನೇ ಮಾತಿನಲ್ಲೇ ಇತ್ತು. ಮೂರು ವಾರದಿಂದ ಅದು ಆ ಹೆಂಗಸಿನ ಸೆರಗಿನಲ್ಲಿ ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತಲೇ ಇತ್ತು. ಅದನ್ನು ‘ಇತರೆ’ಯ ಕೆಳಗೆ ಬರೆದವಳು ತಾನು. ನೆಲದೊಳಗೆ ಕಾಯಿ ಕಟ್ಟುವ ಗಿಡವನ್ನು ಮೊದಲ ಸಲ ಕಿತ್ತು ನೋಡಿದಾಗ ಅವಳಿಗೆ ಹೀಗೆಯೇ ಮೈ ಜುಮ್ಮೆಂದಿತ್ತು. ಮೇಲೆ ಹೂವು ನೋಡುತ್ತಿದ್ದವರಿಗೆ ಕೆಳಗೆ ನಡೆಯುವುದು ತಿಳಿಯುವುದೇ ಇಲ್ಲ. ಎದುರಿಗೆ ಕೂತ, ಸಹಿಗೆ ಬದಲು ಹೆಬ್ಬೆಟ್ಟು ಒತ್ತುವ ಈ ಹೆಂಗಸು ಅಷ್ಟನ್ನೂ ಮೊದಲೇ ತಿಳಿದು ಇಷ್ಟು ದಿನ ಸುಮ್ಮನೆ ಕಾಯಿ ಬಿಡಿಸುತ್ತಾ ಕೂತಿದ್ದರು. ಇನ್ನೂ ಒಂದು ಸಂಗತಿ ಅವಳಿಗೆ ಆಗಲೇ ಹೊಳೆದದ್ದು. ನಲವತ್ತು ನಿಮಿಷ ಮೂವರೂ ಒಮ್ಮೆಯೂ ಫೋನಿನ ಕಡೆ ನೋಡಿರಲಿಲ್ಲ.

ಗಂಟೆ ಏಳೂವರೆ. ಏಳು ಐವತ್ತಕ್ಕೆ ಬೀದಿಯಲ್ಲಿ ಗಾಡಿಯ ಸದ್ದಾಯಿತು.

ಜಯಕುಮಾರನ ಮೈಯೆಲ್ಲ ಧೂಳು. ಮೊದಲು ಒಂದು ಚೊಂಬು ನೀರು ಕುಡಿದ.

“ಎಲ್ಲಿ ಹಾಳಾಗೋಗಿದ್ಯೋ?” ಎಂದರು ದೊಡ್ಡರಂಗಪ್ಪ.

“ಎತ್ಲಾಗ್ ನೋಡಿದ್ರೂ ಸೋಲಾರಿನ ಕರೇ ಹಲಗೆ ಕಣಪ್ಪ. ಗುಡ್ಡದ ಹಿಂದಕ್ಕೂ ಅದೇ, ಮುಂದಕ್ಕೂ ಅದೇ. ಒಂದು ಮರ ಇಲ್ಲ, ಮನೆ ಇಲ್ಲ, ಗುರ್ತು ಇಟ್ಕಳಾಕೆ ಒಂದು ಬಂಡೆ ಇಲ್ಲ. ಯಾವ್ದೋ ಗೇಟಲ್ಲಿ ಒಳಗ್ ಹೋದೆ. ಚಕ್ರ ಮರಳಲ್ಲಿ ಹೂತ್ಕಂತು. ಎತ್ಕಂಡು ಹೊರಡೋ ಹೊತ್ಗೆ ನಾಕು ಗಂಟೆ, ಫೋನೂ ಸತ್ತೋಗಿತ್ತು. ಆಮೇಲೆ ಹೋದ ದಾರೀಲೇ ಮೂರು ಸತಿ ಸುತ್ತಿದೀನಿ. ಕೊನೆಗೆ ಹುಲ್ಲು ಕುಯ್ಯೋ ಮುದುಕಿ ಒಬ್ಳು ಸಿಕ್ಕಿದ್ಲು. ‘ಇಟ್ಲ ಪೋ ನಾಯನಾ’ ಅಂತ ತೆಲುಗಲ್ಲಿ ಹೇಳಿ, ಹಿಂಗೆ ಹೋಗು ಅಂತ ಕೈ ತೋರ್ಸಿದ್ಲು. ಪೈಪು ಇಳಿಸಿ ಬಂದೆ.”

ಗಂಗಲಕ್ಷ್ಮಮ್ಮ ಕೈ ಮುಗಿದು ದೀಪದ ಕಡೆ ತಿರುಗಿದರು.

“ಆ ಮುದುಕಿ ಸಿಕ್ಕಿದಾಗ ಗಂಟೆ ಎಷ್ಟು?” ಹರ್ಷಿತಾ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು.

“ಇನ್ನೂ ಬಿಸ್ಲಿತ್ತು. ಆರು ಗಂಟೆ ಇರ್ಬೋದು. ಯಾಕೆ?”

“ಏನಿಲ್ಲ.”

ದೀಪ ಹಚ್ಚಿದ್ದು ಆರು ಐವತ್ತಕ್ಕೆ. ಐವತ್ತು ನಿಮಿಷದ ಆ ವ್ಯತ್ಯಾಸವನ್ನು ಅವಳು ಯಾರಿಗೂ ಹೇಳಲಿಲ್ಲ. ಅವನ ತಟ್ಟೆಗೆ ಎರಡು ಮುದ್ದೆ ಇಟ್ಟಳು.

ಜುಲೈ ಎರಡನೇ ವಾರ ಮಂಗಳವಾರ ಸಂಜೆ ಮಳೆ ಬಂತು. ಒಂದು ಗಂಟೆ ಚೆನ್ನಾಗಿ ಹೊಯ್ದು ನಿಂತಿತು. ಆರೂ ಚೀಲದ ಬೀಜ ತಯಾರಿತ್ತು. ಬುಧವಾರ ಹೊಲಕ್ಕೆ ಹೋಗಿ ಬಂದ ದೊಡ್ಡರಂಗಪ್ಪ ಮಣ್ಣಿನ ಒಂದು ಉಂಡೆಯನ್ನು ಅಂಗೈಯಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ನಾಳೆಗೆ ಹದ. ನಾಳೆ ಗುರುವಾರ.

ಹರ್ಷಿತಾ ಅತ್ತೆಯ ಮುಂದೆ ಕೂತಳು. “ಅತ್ತೆ, ನಾಳೆ ಹೆಡ್‌ಮಾಸ್ಟ್ರು ಬರ್ತಾರೆ. ಪುಸ್ತಕದ ಕಥೆ ನನ್ನ ಬಾಯಲ್ಲಿ ನಿಲ್ತಿಲ್ಲ. ನಿಮ್ಮ ಕಥೆ ಹೇಳ್ಬೇಕು ಅಂತ ಆಸೆ. ಈ ಸಲ ಕೇಳಿ ಹೇಳ್ತಿದೀನಿ. ಬೇಡ ಅಂದ್ರೆ ಬಿಡ್ತೀನಿ.”

ಗಂಗಲಕ್ಷ್ಮಮ್ಮ ಅವರೆಕಾಳು ಸಾರಿಗೆ ಒಗ್ಗರಣೆ ಹಾಕಿ ಮುಚ್ಚಿದರು.

“ಎಷ್ಟೊತ್ತಿಗೆ?”

“ಹನ್ನೊಂದು ಇಪ್ಪತ್ತರಿಂದ ಹನ್ನೆರಡು.”

“ಅರ್ಧಕ್ಕೆ ನಿಲ್ಸಕ್ಕಿಲ್ಲ ತಾನೆ?”

“ಇಲ್ಲ.”

“ಜಯಾ, ನಾಳೆ ನೀನು ಗಾಡಿ ತೆಗೀಬೇಡ. ಮನೇಲಿರು.”

“ನಾಳೆ ಶಿರಾಕ್ಕೆ ಬಾಡಿಗೆ ಐತಮ್ಮ.”

“ಹನ್ನೆರಡು ಗಂಟೆ ಮೇಲೆ ಹೋಗು. ಅಲ್ಲೀಗಂಟ ಹೊಸ್ಲು ದಾಟಿದ್ರೆ ಕಾಲು ಮುರೀತೀನಿ.”

“ಮತ್ತೆ ಬಿತ್ನೆ?” ಎಂದ ಜಯಕುಮಾರ್, ಅಪ್ಪನ ಕಡೆ ನೋಡಿ.

ದೊಡ್ಡರಂಗಪ್ಪ ಮಣ್ಣಿನ ಉಂಡೆಯನ್ನು ಅಂಗಳಕ್ಕೆ ಎಸೆದು ಕೈ ಕೊಡವಿದರು. ಕಂಬದ ಕಡೆ ತಿರುಗಲಿಲ್ಲ, ಕರುವಿನ ಕಡೆಯೂ ತಿರುಗಲಿಲ್ಲ.

“ಬಿತ್ನೆ ಶುಕ್ರವಾರ ಇಟ್ಕಳಾನ ಕಣಮ್ಮ,” ಎಂದು ಸೊಸೆಗೆ ಹೇಳಿದರು. “ಒಂದ್ ದಿನಕ್ಕೆ ಹದ ಎಲ್ಲೂ ಹೋಗಕ್ಕಿಲ್ಲ. ಅವತ್ತು ಮಾತ್ರ ರಜ ಹಾಕು.”

“ಹಾಕ್ತೀನಿ ಮಾವ,” ಎಂದಳು ಹರ್ಷಿತಾ.

ಗುರುವಾರ ಚನ್ನಮಲ್ಲಯ್ಯ ಕೊನೆಯ ಬೆಂಚಿನಲ್ಲಿ ಡೈರಿ ತೆರೆದುಕೊಂಡು ಕೂತರು. ಹರ್ಷಿತಾ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. “ನಾನು ನಿಲ್ಲಿಸಿದಾಗಲೆಲ್ಲ ನೀವು ಹೂಂ ಅನ್ನಬೇಕು. ನೀವು ಅನ್ನದಿದ್ರೆ ನನಗೆ ಮುಂದಕ್ಕೆ ಹೋಗೋಕೆ ಬರಲ್ಲ,” ಎಂದು ಮಕ್ಕಳಿಗೆ ಹೇಳಿ ಶುರು ಮಾಡಿದಳು. ಮೊದಲ ಹೂಂ ನಗುವಿನ ನಡುವೆ ಬಂತು. ಎರಡನೆಯ ಗುಡ್ಡದ ಹೊತ್ತಿಗೆ ನಗು ನಿಂತಿತು. ಹುಣಸೆ ತೋಪಿನಲ್ಲಿ ನಲವತ್ತೆರಡು ಗಂಟಲಿನ ಹೂಂ ಒಂದೇ ಆಗಿ ಗೋಡೆಗೆ ಬಡಿಯಿತು. ಅದರ ಕೆಳಗೆ ಇನ್ನೊಂದು ದಪ್ಪ ದನಿಯೂ ಸೇರಿದ್ದು ಕೇಳಿಸಿದರೂ ಅವಳು ಹಿಂದಿನ ಬೆಂಚಿನ ಕಡೆ ನೋಡಲು ಹೋಗಲಿಲ್ಲ.

ಏಳನೇ ಮುದುಕಿ ಬೀಜವನ್ನು ಸೆರಗಿಗೆ ಕಟ್ಟಿಕೊಂಡಾಗ ಹನ್ನೊಂದು ನಲವತ್ತೇಳು. ಸಾದಿಯಾ ಎದ್ದು ನಿಂತಳು.

“ಟೀಚರ್, ಬೀಜ ಮೊದ್ಲೇ ಇತ್ತು. ಆಯಮ್ಮ ಮನೆ ಬಿಡೋವಾಗ್ಲೇ.”

“ಅದನ್ನ ಯಾಕೆ ಅಲ್ಲೇ ಹೇಳಿದ್ರು?”

“ಕೊನೆಗೆ ಬೇಕಲ್ಲ, ಅದಕ್ಕೆ. ಆದ್ರೆ ನಮಗೆ ಗೊತ್ತಾಗ್ಬಾರ್ದು.”

ಉಳಿದ ಹದಿಮೂರು ನಿಮಿಷದಲ್ಲಿ ಮಕ್ಕಳು ತಾವೇ ಕಿತ್ತಾಡಿ ದೇಶಕಾಲವನ್ನು, ಸಂಘರ್ಷವನ್ನು, ಪರಾಕಾಷ್ಠೆಯನ್ನು ಹುಡುಕಿದರು. ಹೆಸರುಗಳನ್ನಷ್ಟೇ ಅವಳು ಕೊಟ್ಟಳು. ಬೆಲ್ಲಾಯಿತು.

ಚನ್ನಮಲ್ಲಯ್ಯ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿದರು. ಡೈರಿಯ ಪುಟ ಖಾಲಿಯಿತ್ತು.

“ಈ ಹೂಂ ಅನ್ನೋರಿಗೆ ಪುಸ್ತಕದಲ್ಲಿ ಏನಂತಾರೆ ಮೇಡಂ?”

“ಪುಸ್ತಕದಲ್ಲಿ ಇಲ್ಲ ಸಾರ್. ನಾನೂ ಹುಡುಕ್ದೆ.”

“ನನಗೆ ಬರಿಯೋಕೇ ನೆನಪಾಗ್ಲಿಲ್ಲ,” ಎಂದರು ಅವರು, ಡೈರಿ ಮುಚ್ಚುತ್ತಾ. “ಕೊರಟಗೆರೆಯೋರಿಗೆ ಬೇಡ ಅಂತ ಹೇಳ್ತೀನಿ. ಸೋಮವಾರದಿಂದ ಒಂಬತ್ತನೇ ತರಗತೀದೂ ನೀವೇ ತಗೊಳ್ಳಿ.”

ಅವಳ ಕೈಯಲ್ಲಿದ್ದ ಫೋನ್ ಗುಂಯ್ಗುಟ್ಟಿತು. ಹನ್ನೆರಡು ಗಂಟೆ ಎರಡು ನಿಮಿಷ.

“ಮುಗೀತೇನಮ್ಮ?” ಅತ್ತೆಯ ದನಿ.

“ಮುಗೀತು ಅತ್ತೆ.”

“ಪೂರಾ?”

“ಪೂರಾ ಹೇಳ್ದೆ. ತೌರು ಸಿಕ್ತು.”

“ಎಲ್ರೂ ಹೂಂ ಅಂದ್ರಾ?”

“ಹೆಡ್‌ಮಾಸ್ಟ್ರೂ ಅಂದ್ರು.”

“ಸರಿ ಅಂಗಾರೆ. ಜಯನ್ನ ಬುಡ್ತೀನಿ,” ಎಂದರು ಗಂಗಲಕ್ಷ್ಮಮ್ಮ. ಫೋನಿನಲ್ಲಿ ಬಾಗಿಲ ಅಗುಳಿ ಸರಿದ ಸದ್ದು ಹರ್ಷಿತಾಳಿಗೆ ಸ್ಪಷ್ಟವಾಗಿ ಕೇಳಿಸಿತು.